ಗೆದ್ದವರ ಭಾನುವಾರ

ಶುಕ್ರವಾರ ಸಂಜೆ ಚಂದ್ರಕಾಂತ ತನ್ನ ಮೊಬೈಲನ್ನು ಆಫ್ ಮಾಡಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟ. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ಕಾರಣ ಇಷ್ಟೇ. ಅಂದು ಯುರೋಪಿನ ದೊಡ್ಡ ಸೈಕಲ್ ರೇಸು ಬೆಟ್ಟ ಹತ್ತುವ ದಿನ. ಮಗಳು ಹಂಸಿನಿ ಗ್ರೇಟರ್ ನೋಯ್ಡಾದ ಹಾಸ್ಟೆಲಿನಿಂದ ಘಾಜಿಯಾಬಾದಿನ ಮನೆಗೆ ಬರುವುದೋ ಶನಿವಾರ. ಇಬ್ಬರೂ ಕೂಡಿ ರೆಕಾರ್ಡಿಂಗ್ ನೋಡುವವರೆಗೆ ಯಾರು ಗೆದ್ದರೆಂದು ಒಬ್ಬರೂ ತಿಳಿಯಕೂಡದು, ಅದು ಅಪ್ಪ-ಮಗಳ ಒಪ್ಪಂದ. ನೋಡುವ ಮೊದಲು ಒಬ್ಬೊಬ್ಬರು ಒಬ್ಬ ಸವಾರನನ್ನು ಆರಿಸಬೇಕು. ಯಾರ ಸವಾರ ಮುಂದೆ ಬಂದನೋ ಅವರು ಹೇಳಿದಂತೆ ಮನೆಯವರೆಲ್ಲರ ಭಾನುವಾರ. ಮಗಳು ಗೆದ್ದರೆ ಹನ್ನೊಂದರವರೆಗೆ ನಿದ್ದೆ, ಎದ್ದ ಮೇಲೆ ಅಪ್ಪನ ಕೈಯ ದೋಸೆ. ಅಪ್ಪ ಗೆದ್ದರೆ ಬೆಳಗ್ಗೆ ಐದಕ್ಕೆ ಇಬ್ಬರೂ ಸೈಕಲ್ ಹತ್ತಿ ಕಾಲುವೆ ರಸ್ತೆಯಲ್ಲಿ ಐವತ್ತು ಕಿಲೋಮೀಟರ್. ಸತತ ನಾಲ್ಕು ಸಲ ಸೋತಿದ್ದ ಚಂದ್ರಕಾಂತನಿಗೆ ಈ ಭಾನುವಾರ ಬೇಕೇ ಬೇಕಿತ್ತು. ಮುಂದಿನ ವಾರ ಮಗಳು ತರಬೇತಿಗೆಂದು ಪುಣೆಗೆ ಹೊರಟಿದ್ದಳು. ಆಮೇಲೆ ಯಾವಾಗ ಸಿಗುತ್ತಾಳೋ ದೇವರೇ ಬಲ್ಲ.

ಶನಿವಾರ ಬೆಳಗ್ಗೆ ಒಬ್ಬನೇ ಒಂದು ಸುತ್ತು ತುಳಿದು ಬಂದರೆ ಗೇಟಿನಲ್ಲಿ ಎರಡನೇ ಮಹಡಿಯ ಕೆಂಪಣ್ಣ ಕಾದು ನಿಂತಿದ್ದರು. ರೈಲ್ವೆಯಿಂದ ನಿವೃತ್ತರಾದ ಅವರಿಗೆ ಈ ರೇಸಿನ ಹುಚ್ಚು ಹಿಡಿಸಿದ್ದು ಸ್ವತಃ ಚಂದ್ರಕಾಂತನೇ. ಮಾಡಿದ್ದುಣ್ಣೋ ಮಹಾರಾಯ!

"ಏ ಚಂದ್ರೂ, ನಿನ್ನೆ ಬೆಟ್ಟದ ಮೇಲೆ ಏನಾಯ್ತು ಗೊತ್ತೇನೋ?"

"ಅಯ್ಯೋ, ಬೇಡಿ ಸಾರ್! ಕೈ ಮುಗೀತೀನಿ!" ಎಂದವನೇ ಸೈಕಲ್ ತಿರುಗಿಸಿ ತರಕಾರಿ ಮಾರ್ಕೆಟ್ಟಿಗೆ ಪರಾರಿಯಾದ.

ಅಲ್ಲಿ ಆಫೀಸಿನ ಹೃಷಿಕೇಶ್ ಕಾರು ನಿಲ್ಲಿಸಿ ಕಿಟಕಿ ಇಳಿಸಿದ. "ಅರೇ ಸರ್, ನಿನ್ನೆ ರೇಸ್ ನೋಡಿದ್ರಾ? ಕಮಾಲ್ ಆಗೋಯ್ತು!"

ಚಂದ್ರಕಾಂತ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಎರಡರ ಮಗ್ಗಿ ಹೇಳತೊಡಗಿದ. ಕೈಬಿಟ್ಟ ಸೈಕಲ್ ಹೋಗಿ ಟೊಮೆಟೊ ರಾಶಿಯ ಮೇಲೆ ಮಲಗಿತು. ತರಕಾರಿ ಭಯ್ಯಾ ಬೈಯಲು ಬಾಯಿ ತೆರೆದವನು ಇವನ ಮುಖ ನೋಡಿ, "ಘರ್ ಮೇ ಸಬ್ ಠೀಕ್ ಹೈ, ಸಾಬ್?" ಎಂದು ಮೆಲ್ಲಗೆ ಮನೆಯವರ ಕ್ಷೇಮ ವಿಚಾರಿಸಿದ. ಹೃಷಿಕೇಶ್ ಗಾಬರಿಯಾಗಿ ಕಿಟಕಿ ಏರಿಸಿಕೊಂಡು ಹೊರಟುಹೋದ.

ಎರಡು ಕಿಲೋ ಜಜ್ಜಿದ ಟೊಮೆಟೊ ಕೊಂಡು, ಹಿಂದಿನ ಗೇಟಿನಿಂದ ಕಳ್ಳನಂತೆ ನುಸುಳಿ, ಸೈಕಲನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಸಾಮಾನಿನ ಲಿಫ್ಟ್ ಹೊಕ್ಕ. ಬಾಗಿಲು ಮುಚ್ಚಿತು. ತಿರುಗಿ ನೋಡಿದರೆ ಮೂಲೆಯಲ್ಲಿ ಕೆಂಪಣ್ಣ!

"ಗಡ್ಡಪ್ಪ ಹೊಡ್ಕೊಂಡು ಹೋದ ಕಣೋ! ಪುಟಾಣಿ ಎರಡು ನಿಮಿಷ ಹಿಂದೆ!"

ಗಡ್ಡಪ್ಪ ಎಂದರೆ ಮೂವತ್ತೊಂಬತ್ತರ ಹಳೆಯ ಸವಾರ, ಪುಟಾಣಿ ಎಂದರೆ ಎಲ್ಲರೂ ನೆಚ್ಚಿಕೊಂಡ ಇಪ್ಪತ್ತೊಂದರ ಹುಡುಗ. ಹೆಸರಿಟ್ಟದ್ದು ಚಂದ್ರಕಾಂತನೇ. ಗಡ್ಡಪ್ಪನೆಂದರೆ ಅವನಿಗೆ ಪ್ರಾಣ. ಅಂಥವನು ಕಡೆಗೂ ಬೆಟ್ಟ ಗೆದ್ದ ಸುದ್ದಿಯನ್ನು ಟೊಮೆಟೊ ಚೀಲ ಹಿಡಿದು ಲಿಫ್ಟಿನಲ್ಲಿ ಕೇಳುವಂತಾಯಿತಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

ಈಗೇನು ಮಾಡುವುದು? ಮಗಳಿಗೆ ಹೇಳಿದರೆ ಅವಳ ಸಂತೋಷವೂ ಹಾಳು. ಹೇಳದೆ ಗಡ್ಡಪ್ಪನನ್ನು ಆರಿಸಿ ಗೆದ್ದರೆ ಅದು ಕಳ್ಳತನ. ಥೂ, ಹೆತ್ತ ಮಗಳ ಹತ್ತಿರವೇ? ಭಾನುವಾರ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಸಂಜೆ ಹಂಸಿನಿ ಬಂದಳು. ಟಿವಿ ಮುಂದೆ ಕೂತರು.

"ನೀನು ಗಡ್ಡಪ್ಪನನ್ನ ತಗೋ ಮರೀ. ಪುಟಾಣಿ ನಂಗಿರ್ಲಿ," ಎಂದ ಚಂದ್ರಕಾಂತ.

"ನಹೀ ಅಪ್ಪಾ, ಗಡ್ಡಪ್ಪ ನಿಮ್ಮ ಫೇವರಿಟ್. ಪುಟಾಣಿ ಮೇರಾ."

"ಅವನಿಗೆ ವಯಸ್ಸಾಯ್ತಮ್ಮ, ಎಲ್ಲಿ ಹತ್ತುತ್ತಾನೆ?"

"ತೋ ಫಿರ್ ನಂಗ್ಯಾಕೆ ಕೊಡ್ತಿದ್ದೀರಾ?"

ಹತ್ತು ನಿಮಿಷ ಜಗಳ. ಪಕ್ಕದಲ್ಲಿ ಬೀನ್ಸ್ ಸೋಸುತ್ತಿದ್ದ ಹೆಂಡತಿ ಶೈಲಜಾ ತಲೆಯೆತ್ತಿದಳು. "ಪಾಪ, ಯಾರಿಗೂ ಬೇಡ್ವಾ? ನೀವಿಬ್ರೂ ಪುಟಾಣಿನೇ ಇಟ್ಕೊಳ್ಳಿ. ಈ ಸಲ ನಾನೂ ಆಟಕ್ಕಿದೀನಿ, ಗಡ್ಡಪ್ಪ ನಂಗಿರ್ಲಿ."

ಅಪ್ಪ-ಮಗಳು ಸದ್ಯ ಬಚಾವಾದೆವೆಂದು ಒಪ್ಪಿಕೊಂಡರು. ರೇಸು ನಡೆಯಿತು. ಗಡ್ಡಪ್ಪ ಕಣ್ಣೀರಿಡುತ್ತ ಗೆರೆ ದಾಟಿದಾಗ ಚಂದ್ರಕಾಂತ ಎದೆಯ ಮೇಲೆ ಕೈಯಿಟ್ಟು "ಅಬ್ಬಬ್ಬಾ!" ಎಂದ. ಹಂಸಿನಿ ದಿಂಬು ಎಸೆದು ಕಿರುಚಿದಳು. ಶೈಲಜಾ ಮಾತ್ರ ಬೀನ್ಸ್ ಎತ್ತಿಟ್ಟು ಕೈ ತೊಳೆದುಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಕೆಂಪಣ್ಣ. "ಶೈಲಜಮ್ಮಾ, ಹೇಳಿದ ಕೆಲಸ ಮಾಡಿದೀನಿ. ಲಿಫ್ಟಲ್ಲೇ ಹಿಡಿದು ಹೇಳ್ದೆ. ಎಲ್ಲಿ ನನ್ನ ನಿಪ್ಪಟ್ಟು?"

ಹಂಸಿನಿ ದಡಕ್ಕನೆ ಎದ್ದಳು. "ಮಮ್ಮಾ! ಗಡ್ಡಪ್ಪ ಗೆದ್ದ ಅಂತ ಬೆಳಗ್ಗೆ ನಂಗೂ ಮೆಸೇಜ್ ಹಾಕಿ, ಬೈ ಮಿಸ್ಟೇಕ್ ಅಂದ್ರಲ್ಲಾ!"

"ಹಾಗಾದ್ರೆ ನಿಂಗೂ ಗೊತ್ತಿತ್ತಾ?" ಎಂದ ಚಂದ್ರಕಾಂತ. ಗೊತ್ತಿದ್ದೂ ತನಗೆ ಬಿಟ್ಟುಕೊಡಲು ಹೊರಟಿದ್ದ ಮಗಳ ತಲೆ ನೇವರಿಸಿದ.

ಶೈಲಜಾ ನಿಪ್ಪಟ್ಟಿನ ತಟ್ಟೆ ತಂದಿಟ್ಟಳು. "ನಿನ್ನೆ ಅಡುಗೆಮನೇಲಿ ನನ್ನ ಫೋನಲ್ಲೇ ನೋಡಿದ್ದೆ. ಗೊತ್ತಿಲ್ದೇ ಇದ್ರೆ ನೀವು ಗಡ್ಡಪ್ಪನನ್ನೇ ಹಿಡೀತಿದ್ರಿ. ಗೊತ್ತಾದ್ರೆ ಒಬ್ರಿಗೊಬ್ರು ಬಿಟ್ಟುಕೊಡ್ತೀರಿ. ನಿಮ್ಮಿಬ್ಬರ ಬುದ್ಧಿ ನಂಗೊತ್ತಿಲ್ವಾ? ಹನ್ನೊಂದು ವರ್ಷದಿಂದ ನಂಗೂ ಸೈಕಲ್ ಕಲಿಸ್ರೀ ಅಂತಿದೀನಿ, ನಾಳೆ ನಾಳೆ ಅಂದ್ರಿ. ಚಲೋ, ಆ ನಾಳೆ ಬಂತು. ಐದಕ್ಕೆ ಏಳಿ ಇಬ್ರೂ!"

ಭಾನುವಾರ ಐದೂಕಾಲಿಗೆ ಚಂದ್ರಕಾಂತ ಮನೆ ಮುಂದಿನ ರಸ್ತೆಯಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ. ಆಚೆ ಬದಿಯಲ್ಲಿ ಹಂಸಿನಿ ನಗುತ್ತ ಓಡುತ್ತಿದ್ದಳು. ಮಗಳ ಜೊತೆ ಬೆಳಗಿನ ಜಾವ ಹೊರಡಬೇಕೆಂಬ ಆಸೆಯೇನೋ ಈಡೇರಿತ್ತು, ಇಬ್ಬರೂ ಸೀಟು ಹಿಡಿದುಕೊಂಡಿದ್ದ ಸೈಕಲ್ ಮೇಲೆ ಮಾತ್ರ ಶೈಲಜಾ ಇದ್ದಳು.

"ಏನ್ರೀ, ಇಷ್ಟಕ್ಕೇ ಸುಸ್ತಾ?" ಎಂದಳು ಅವಳು, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು. "ಬಿಡಬೇಡಿ ಮತ್ತೆ, ಇನ್ನೂ ಒಂದು ಸುತ್ತು!"