ಸಿಂಹಳದ ಗೆಳೆಯನಿಗೆ ಮೀಸಲಿಟ್ಟ ಆಲೂಗೆಡ್ಡೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಕನ್ನಡಕ ಒರೆಸುವುದರಲ್ಲೇ ಹೊತ್ತು ಹೋಗಿದೆ. ಇವತ್ತು ಒರೆಸದೆ ಬರೆಯುತ್ತೇನೆ.

ನಮ್ಮ ಭಾವನಷ್ಟು ವಿದೇಶಾಂಗ ವ್ಯವಹಾರ ಬಲ್ಲವರು ದೆಹಲಿಯಲ್ಲೂ ಇರಲಿಲ್ಲ! ಓದಿದ್ದು ನಾಲ್ಕನೇ ಕ್ಲಾಸು, ಬೆಳೆಯುತ್ತಿದ್ದುದು ಆಲೂಗೆಡ್ಡೆ. ನೆರೆದೇಶದ ನಾಯಕರು ದೆಹಲಿಗೆ ಬಂದರೆ ಇವರು ಹಾಸನದ ಹತ್ತಿರ ದುದ್ದದ ಮನೆಯಲ್ಲಿ, ಒಗೆದ ಪಂಚೆ ಉಟ್ಟು ಟಿ.ವಿ. ಮುಂದೆ ಹಾಜರು. ಭಾಷಣ ಕೇಳುತ್ತಿದ್ದರೇ? ಎಲ್ಲಿಯದು! ಕೈ ಕುಲುಕುವುದನ್ನಷ್ಟೇ ನೋಡುತ್ತಿದ್ದರು. ಒಂದು ಕೈಯಾದರೆ ಗೆಡ್ಡೆಯನ್ನು ಇವತ್ತೇ ಮಾರಬೇಕು, ಎರಡು ಕೈಯಾದರೆ ವಾರ ತಡೆಯಬೇಕು.

"ಅಪ್ಕಂಡ್ಬುಟ್ರು ಕಣ್ಲಾ ಬಾಮೈದ! ರೇಟು ಏರ್ತದೆ, ಬರಕೋ!" ಎಂದು ಒಮ್ಮೆ ಫೋನಿನಲ್ಲೇ ಕೂಗಿದರು. ಮಾರನೇ ದಿನ ರೇಟು ಇಳಿಯಿತು. "ಅಪ್ಪಿದ್ದು ಮನಸಾರೆ ಅಲ್ಲ, ನಂಗೆ ಆಗ್ಲೇ ಡೌಟಿತ್ತು" ಎಂದರು!

ಇಷ್ಟೆಲ್ಲ ಸ್ನೇಹ ಬಯಸುವವರಿಗೆ ಪಕ್ಕದ ಹೊಲದವನ ಜೊತೆ ಮಾತ್ರ ಮಾತಿರಲಿಲ್ಲ. ಒಂದು ಮೊಳ ಬದುವಿನ ಜಗಳ. ನಮ್ಮಕ್ಕ ಸುಮ್ಮನಿರುವವಳೇ? "ಪಕ್ಕದ್ ಹೊಲದೋನ್ ಮುಖ ನೋಡಕ್ಕಾಗಕಿಲ್ಲ, ಪಕ್ಕದ್ ದೇಶದೋರ್ಗೆ ಚೀಟಿ ಬರೀತಾರೆ!" ಎನ್ನುತ್ತಿದ್ದಳು.

ಚೀಟಿಯ ಸಂಗತಿ ಹೇಳಲೇಬೇಕು. ನಾನು ಆಗ ಹಾಸನದ ಒಂದು ಮಂಡಿಯಲ್ಲಿ ಗುಮಾಸ್ತ. ನಮ್ಮಲ್ಲಿಂದ ಗೆಡ್ಡೆ ತೂತುಕುಡಿ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಶ್ರೀಲಂಕಾಕ್ಕೆ ಹೋಗುತ್ತಿತ್ತು. ಚೀಲದ ಬಾಯನ್ನು ದಬ್ಬಳದಲ್ಲಿ ಹೊಲಿಯುವ ಮುಂಚೆ ಭಾವ ಒಂದೊಂದಕ್ಕೂ ಒಂದು ಚೀಟಿ ಹಾಕುತ್ತಿದ್ದರು: "ನನ್ನ ಗೆಡ್ಡೆ ತಿನ್ನುವವರೇ, ಮನೆಯಲ್ಲಿ ಎಲ್ಲ ಕ್ಷೇಮವೇ? ಉಪ್ಪು ಕಮ್ಮಿ ಹಾಕಿ." ಕೆಳಗೆ ಪೂರ್ತಿ ವಿಳಾಸ. ಎಲ್ಲವೂ ಕನ್ನಡದಲ್ಲಿ!

"ಅವ್ರಿಗೆ ಕನ್ನಡ ಎಲ್ಲಿ ಬರ್ತದೆ ಭಾವ?"

"ಗೆಡ್ಡೆ ಬೇಯ್ಸಕ್ಕೆ ಬತ್ತದಲ್ಲ! ಅಷ್ಟು ತಿಳ್ದೋರ್ಗೆ ಒಂದ್ ಚೀಟಿ ತಿಳಿಯಕ್ಕಿಲ್ವಾ?"

ಮಂಡಿಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಆ ನಗು ಸಾಲದೆಂದು ನಾನು ಒಂದು ಕೆಲಸ ಮಾಡಿದೆ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ, ಎಡಗೈಯಲ್ಲಿ ಒಂದು ಉತ್ತರ ಬರೆದೆ. ಅಲ್ಲಿನ ಇಬ್ಬರು ಕ್ರಿಕೆಟ್ ಆಟಗಾರರ ಹೆಸರನ್ನು ಅರ್ಧರ್ಧ ಮುರಿದು ಅಂಟಿಸಿ 'ಜಯತಿಲಕ' ಎಂದು ಸಹಿ ಹಾಕಿದೆ. ಬಂದರಿನಿಂದ ಲಾರಿ ಡ್ರೈವರ್ ತಂದನೆಂದು ಹೇಳಿ ಭಾವನ ಕೈಗಿತ್ತೆ. ಅವರಿಗೆ ಇಂಗ್ಲಿಷ್ ಬಾರದು, ಹಾಗಾಗಿ ಬರೆದವನೂ ನಾನೇ, ಓದಿ ಹೇಳಿದವನೂ ನಾನೇ! "ನನ್ನ ಪುಟ್ಟ ಮಗಳು ನಿಮ್ಮ ಗೆಡ್ಡೆ ಬಿಟ್ಟು ಬೇರೆ ತಿನ್ನುವುದಿಲ್ಲ. ಮುಂದಿನ ಬೆಳೆಯಲ್ಲೂ ನಮಗೆ ಮೀಸಲಿಡಿ."

ಭಾವ ನಗುತ್ತಾರೆ, ಆಗ ನಿಜ ಹೇಳೋಣ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡರು.

ಮುಂದಿನ ಬೆಳೆ ಬರುವ ಹೊತ್ತಿಗೆ ಆ ದೇಶವೇ ದಿವಾಳಿ. ಪೆಟ್ರೋಲಿಗೆ ಮೈಲುದ್ದ ಸಾಲು, ಹಾಲಿನಪುಡಿಗೆ ಪರದಾಟ. ಅವರು ಗೆಡ್ಡೆ ತರಿಸುವುದು ಎಲ್ಲಿಂದ? ರೇಟು ನೆಲ ಕಚ್ಚಿತು. ಊರವರೆಲ್ಲ ಸಿಕ್ಕಷ್ಟಕ್ಕೆ ಮಾರಿ ಕೈ ತೊಳೆದುಕೊಂಡರು. ಭಾವ ಮಾತ್ರ ಆರಿಸಿದ ನಲವತ್ತು ಚೀಲ ಕೊಟ್ಟಿಗೆಯಲ್ಲಿಟ್ಟು ಕಾದರು.

"ಮಾರ್ಬುಡಿ ಭಾವ, ಕೊಳೀತದೆ."

"ನಮ್ಮೋರು ಅಕ್ಕಿ, ಡೀಸೆಲ್ಲು ಎಲ್ಲ ಕಳಿಸ್ತಾವ್ರಂತೆ ಕಣ್ಲಾ. ಅಷ್ಟು ದೊಡ್ ಹಡಗಲ್ಲಿ ನನ್ ನಲವತ್ ಚೀಲಕ್ಕೆ ಜಾಗ ಇರಕ್ಕಿಲ್ವಾ? ಆ ಮಗು ಏನ್ ತಿಂತದೆ?"

ಆಗಲಾದರೂ ಬಾಯಿ ಬಿಡಬಹುದಿತ್ತು. "ಆ ಮಗುವೂ ಇಲ್ಲ, ಅಪ್ಪನೂ ಇಲ್ಲ, ನಾನೇ ಬರೆದದ್ದು" ಎನ್ನಲು ಎಷ್ಟು ಹೊತ್ತು ಬೇಕು? ನಾಚಿಕೆ ಅಡ್ಡ ಬಂತು. ನಾಳೆ ಹೇಳೋಣ, ಸೋಮವಾರ ಹೇಳೋಣ ಎಂದು ದಿನ ದೂಡಿದೆ. ಕೊಟ್ಟಿಗೆಯಿಂದ ನಾತ ಹೊಡೆಯತೊಡಗಿತು. ಚೀಲದಿಂದ ರಸ ಸೋರಿ ಅಂಗಳಕ್ಕೆ ಬಂತು. ಕೊನೆಗೆ ಆ ನಲವತ್ತೂ ಚೀಲವನ್ನು ಭಾವ ಒಬ್ಬರೇ ಹೊತ್ತು ತಿಪ್ಪೆಗೆ ಸುರಿದರು. ಯಾರನ್ನೂ ಮುಟ್ಟಗೊಡಲಿಲ್ಲ. ಆಮೇಲೆ ಅವರು ಟಿ.ವಿ. ಮುಂದೆ ಕೂತದ್ದನ್ನು ನಾನು ನೋಡಲಿಲ್ಲ. ಮರುವರ್ಷ ಆ ಹೊಲಕ್ಕೆ ಗೆಡ್ಡೆಯ ಬೀಜವೂ ಬೀಳಲಿಲ್ಲ.

ಹಾಸಿಗೆ ಹಿಡಿದು ಹಾಸನದ ಆಸ್ಪತ್ರೆ ಸೇರಿದಾಗ ನನ್ನನ್ನು ಹತ್ತಿರ ಕರೆದರು.

"ಬಾಮೈದ, ಇಂಗ್ಲೀಸಲ್ಲಿ ಒಂದ್ ಕಾಗ್ದ ಬರಿಯಪ್ಪ. ಗೆಡ್ಡೆ ಮಡಗಿದ್ದೆ, ಕಾಪಾಡಕ್ಕಾಗ್ನಿಲ್ಲ ಅಂತ ಬರಿ. ಮಗೀಗೆ ಆಸೆ ತೋರ್ಸಿ ಮೋಸ ಮಾಡ್ದಂಗಾಯ್ತು, ತಪ್ಪು ನಂದೇ, ಕ್ಷಮಿಸ್ಬೇಕು ಅಂತ ಬರಿ."

ಬರೆದೆ. ಎಡಗೈಯಲ್ಲಿ ಅಲ್ಲ, ಬಲಗೈಯಲ್ಲಿ. ಓದಿ ಹೇಳು ಎಂದರು, ಕನ್ನಡ ಮಾಡಿ ಓದಿದೆ. ಕ್ಷಮಿಸಿ ಎನ್ನುವುದನ್ನು ಗೊಣಗಿ ದಾಟಿಸಿದೆ.

"ಅದನ್ನ ಇನ್ನೊಂದ್ ಸಲ ಓದು, ಸರ್ಯಾಗ್ ಕೇಳ್ನಿಲ್ಲ" ಎಂದರು.

ಎರಡನೇ ಸಲವೂ ಓದಿದೆ, ಅವರ ಪರವಾಗಿ. "ಈಗ ಸರಿಯಾಯ್ತು" ಎಂದು ನನ್ನ ಕೈ ತಟ್ಟಿದರು. ಮೂರನೇ ದಿನ ಹೋದರು.

ತಪ್ಪು ನನ್ನದು. ಆ ಮಾತನ್ನು ನನ್ನ ಪರವಾಗಿ ನಾನು ಒಮ್ಮೆಯೂ ಹೇಳದೇ ಉಳಿದದ್ದು ನಮ್ಮಕ್ಕನ ಗಂಡನಿಗೆ, ದುದ್ದದ ರಂಗೇಗೌಡರಿಗೆ.