ಕಂಡಕ್ಟರ್ ಮಲ್ಲಪ್ಪನವರ ಐದನೇ ಕರಡು

ಬರೆಯುವವನು ಬರೆಯುವುದನ್ನು ಕಲಿಸಲು ಹೋಗಬಾರದು. ಈ ಜ್ಞಾನೋದಯ ನನಗಾಗುವ ಹೊತ್ತಿಗೆ ಆರು ವರ್ಷ ಕಲಿಸಿಯಾಗಿತ್ತು. ಪ್ರತಿ ಭಾನುವಾರ ಬೆಳಗಾವಿಯ ಟಿಳಕವಾಡಿಯಿಂದ ಖಾನಾಪುರಕ್ಕೆ ಹೋಗಿ, ಹನ್ನೆರಡು ಮಂದಿಗೆ ಕಥೆ ಬರೆಯುವುದು ಹೇಗೆಂದು ಗಂಟಲು ಹರಿದುಕೊಳ್ಳುತ್ತೇನೆ. ಈ ಆರು ವರ್ಷದಲ್ಲಿ ನನ್ನದೇ ಒಂದು ಕಥೆಯೂ ಅಚ್ಚಾಗಿಲ್ಲ. ಹೆಂಡತಿ ಇದನ್ನು ನೆಂಟರ ಎದುರಿಗೇ ಹೇಳುತ್ತಾಳೆ. ಹಾಗಾಗಿ ಈ ಸಲ ದೀಪಾವಳಿ ವಿಶೇಷಾಂಕದಲ್ಲಿ ನನ್ನ ಕಥೆ ಬರಲೇಬೇಕೆಂದು ಹಟ ತೊಟ್ಟಿದ್ದೆ.

ಅಷ್ಟರಲ್ಲಿ ತರಗತಿಗೆ ಸೇರಿದವರು ನಿವೃತ್ತ ಬಸ್ ಕಂಡಕ್ಟರ್ ಮಲ್ಲಪ್ಪ. ಜಾಂಬೋಟಿ ಬಸ್ಸಿನಲ್ಲಿ ಮುದುಕಿಯೊಬ್ಬಳ ಕೋಳಿ, ಸೀಟಿನ ಮೇಲಿದ್ದ ಇವರ ಚರ್ಮದ ಚೀಲದೊಳಗೆ ಮೊಟ್ಟೆಯಿಟ್ಟಿತಂತೆ. ಆ ಮೊಟ್ಟೆ ಮುದುಕಿಯದೋ ಕಂಡಕ್ಟರನದೋ ಎಂದು ಇಡೀ ಬಸ್ಸು ಎರಡು ಪಂಗಡವಾಗಿ, ಕನ್ನಡ ಮರಾಠಿ ಎರಡರಲ್ಲೂ ಜಗಳಾಡಿತಂತೆ. ಇದು ಅವರ ಕಥೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕಮೇಲೆ ನಾನು ಮೇಷ್ಟ್ರೆಂಬುದು ನೆನಪಾಗಿ, “ಮೊಟ್ಟೆ ಇಲ್ಲಿ ಯಾವುದರ ಸಂಕೇತ?” ಎಂದು ಕೇಳಿದೆ.

“ಯಾವುದರದೂ ಅಲ್ರಿ ಸರ, ಕೋಳಿ ತತ್ತಿ ಐತಿ.”

ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು? ತಿದ್ದಿಸಿದೆ. ಜಗಳ ಅತಿಯಾಯಿತೆಂದು ಪ್ರಯಾಣಿಕರನ್ನೆಲ್ಲ ಇಳಿಸಿದೆ. ಮಾತು ಹೆಚ್ಚಾಯಿತೆಂದು ಮುದುಕಿಯನ್ನೂ ಇಳಿಸಿದೆ. ಐದನೇ ಕರಡಿನಲ್ಲಿ ಉಳಿದದ್ದು ಖಾಲಿ ಬಸ್ಸು, ಒಂದು ಮೊಟ್ಟೆ ಮತ್ತು ಕಂಡಕ್ಟರನ ಒಂಟಿತನ. “ಈಗ ನೋಡಿ, ಕಥೆಯಾಯಿತು!” ಎಂದೆ.

“ಖರೇ ಐತ್ರಿ. ಆದ್ರ ಮುದುಕಿ ಕೂಡ ಕೋಳೀನೂ ಇಳದು ಹೋತಲ್ರಿ ಸರ, ತತ್ತಿ ಯಾರು ಇಟ್ರು?”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ವಿಶೇಷಾಂಕಕ್ಕೆಂದು ಬರೆದ ನನ್ನ ಕಥೆಯನ್ನೂ ಇದೇ ಶಿಸ್ತಿನಲ್ಲಿ ಒಂಬತ್ತು ಸಲ ತಿದ್ದಿ ಕಳಿಸಿದೆ. ‘ಬಳಸಿಕೊಳ್ಳಲಾಗುತ್ತಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂತು.

ಹಬ್ಬದ ಮರುವಾರ ಮಲ್ಲಪ್ಪ ಕುಂದಾ ಮಿಠಾಯಿಯ ಡಬ್ಬಿಯನ್ನೂ ಅದೇ ವಿಶೇಷಾಂಕವನ್ನೂ ಹಿಡಿದು ಮನೆಗೇ ಬಂದರು. ಕೋಳಿಯ ಚಿತ್ರದ ಸಮೇತ ಅವರ ಕಥೆ ಅಚ್ಚಾಗಿತ್ತು!

“ಐದನೇದ್ದು ಓದಾಕ ಕುಂತ್ರ ನನಗ ನಿದ್ದಿ ಬಂತ್ರಿ. ಅದಕ್ಕ ಮೊದಲನೇದನ್ನ ಕಳಿಸಿಬಿಟ್ಟೆ. ತಪ್ಪು ತಿಳ್ಕೋಬ್ಯಾಡ್ರಿ, ಎಲ್ಲಾ ನಿಮ್ಮ ಆಶೀರ್ವಾದ,” ಎಂದು ಕೈಮುಗಿದರು.

ನನಗೆ ಹೊಟ್ಟೆ ಧಗಧಗ ಉರಿಯಿತು. ಅದು ಸಾಲದೆಂದು ಹೆಂಡತಿ ಚಹಾ ತಂದಿಡುತ್ತ, “ಇವರದು ತಗೊಳ್ಳಲಿಲ್ರಿ ಅವರು,” ಎಂದಳು.

ಮಲ್ಲಪ್ಪ ನಿಜಕ್ಕೂ ಮರುಗಿದರು. “ಅದಕ್ಯಾಕ ಚಿಂತೀರಿ ಸರ? ನೀವೂ ಮೊದಲನೇದ್ದು ಕಳಸ್ರಿ.”

ಎಲ್ಲಿಂದ ಕಳಿಸಲಿ? ಮೊದಲ ಕರಡನ್ನು ಮುಲಾಜಿಲ್ಲದೆ ಹರಿದು ಹಾಕಬೇಕೆಂದು ಆರು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಅದನ್ನು ಚಾಚೂ ತಪ್ಪದೆ ಪಾಲಿಸಿದವನು ಇಡೀ ತರಗತಿಯಲ್ಲಿ ನಾನೊಬ್ಬನೇ.