ಎರಡು ಕೊಡಗಳ ಚುನಾವಣೆ

ಚುನಾವಣೆ ಅಂದರೆ ಜನ ಮುಖ ಗಂಟಿಕ್ಕಿಕೊಂಡು ಮಾತಾಡುತ್ತಾರೆ. ನನಗೆ ಮಾತ್ರ ಮೊದಲು ನಗು ಬರುತ್ತದೆ. ಏನು ಮಾಡಲಿ, ನಾನು ಕಂಡ ಮೊದಲ ಚುನಾವಣೆಯೇ ಹಾಗಿತ್ತು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ನಾನಾಗ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರ. ಸರ್ಕಾರ ಊರಿಗೊಂದು ಬಾವಿ ಕೊಡುತ್ತದೆ, ಎಲ್ಲಿ ತೋಡಬೇಕೆಂದು ಹೇಳುವ ಮುಖಂಡನನ್ನು ಊರವರೇ ಆರಿಸಿಕೊಳ್ಳಲಿ ಎಂದು ತಹಸೀಲಿನಿಂದ ಹೇಳಿಕೆ ಬಂತು. ಗೌಡರು ನಿಂತರು, ಅವರಿಗೆ ಬಾವಿ ತಮ್ಮ ವಾಡೆಯ ಮುಂದೆಯೇ ಬೇಕಿತ್ತು. ಕೆಳಗಿನ ಓಣಿಯ ಹೆಂಗಸರು ದೂರದ ಹಳ್ಳದಿಂದ ನೀರು ಹೊತ್ತು ಹೊತ್ತು ಸೋತಿದ್ದರು. ಅವರು ತಮ್ಮ ಓಣಿಯ ಕುರಿಗಾರನನ್ನು ನಿಲ್ಲಿಸಿದರು. ನನ್ನ ಮನಸ್ಸೆಲ್ಲ ಆ ಹೆಂಗಸರ ಕಡೆಗೇ ಇತ್ತು, ಆದರೆ ಓಟು ನಡೆಸುವವನು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಗೌಡರ ಪ್ರಚಾರ

ಗೌಡರು ಕೆಳಗಿನ ಓಣಿಗೆ ಕಾಲಿಟ್ಟವರೇ ಅಲ್ಲ. ವಸೂಲಿಗೆ ಅವರ ಆಳು ಬಂದು ಹೋಗುತ್ತಿದ್ದ. ಈಗ ಖುದ್ದು ಗೌಡರೇ ರುಮಾಲು ಸುತ್ತಿಕೊಂಡು ಬಂದದ್ದು ನೋಡಿ, ಇದು ಭಾರಿ ವಸೂಲಿಯೇ ಇರಬೇಕೆಂದು ಇಡೀ ಓಣಿ ಹಿತ್ತಲ ಬಾಗಿಲಿನಿಂದ ಪರಾರಿಯಾಯಿತು. ಗೌಡರು ಮನೆ ಮನೆಯ ಮುಂದೆ ನಿಂತು ಕೂಗಿದರು, ಯಾರೂ ಓಗೊಡಲಿಲ್ಲ. ಕೊನೆಯ ಮನೆಯ ಎಮ್ಮೆಯೊಂದು ತಲೆ ಅಲ್ಲಾಡಿಸಿತು, ಅಷ್ಟೇ.

ಸಂಜೆ ಸಿಕ್ಕಾಗ, "ಹೆಂಗಾತ್ರಿ ಗೌಡ್ರ?" ಅಂದೆ.

"ಒಂದು ಎಮ್ಮಿ ಒಪ್ಪೈತ್ರಿ, ಮಾಸ್ತರ" ಅಂದರು.

ಕುರಿಗಾರನ ಪ್ರಚಾರ

ಕುರಿಗಾರ ಬಲು ಸಂಕೋಚದ ಮನುಷ್ಯ. ತನಗೆ ತಾನೇ ಓಟು ಕೇಳುವುದೆಂದರೆ, ಪಂಕ್ತಿಯಲ್ಲಿ ಕೂತು ಹೋಳಿಗೆ ಕೇಳಿ ಹಾಕಿಸಿಕೊಂಡಷ್ಟು ನಾಚಿಕೆ ಅವನಿಗೆ. ಮನೆ ಮನೆಗೆ ಹೋಗಿ, "ಯವ್ವಾ, ಗೌಡ್ರು ಹಿರೇರದಾರ, ಅವರಿಗೇ ಹಾಕಿಬಿಡ್ರಿ" ಅಂದು ಬರುತ್ತಿದ್ದ. ಅವನ ಬೆನ್ನಿಗೇ ಅವನ ಹೆಂಡತಿ ಅದೇ ಮನೆ ಹೊಕ್ಕು ಹೇಳುತ್ತಿದ್ದಳು: "ನಮ್ಮನಿಯವರ ಮಾತು ಕಿವಿಗೆ ಹಾಕ್ಕೋಬ್ಯಾಡ್ರಿ. ನಾನೂ ಹಾಕ್ಕೊಳ್ಳಂಗಿಲ್ಲ."

ಓಟಿನ ದಿನ

ಚಾವಡಿಯಲ್ಲಿ ಕಂಬಳಿ ಅಡ್ಡ ಕಟ್ಟಿ, ಅದರ ಹಿಂದೆ ಎರಡು ಕೊಡ ಇಟ್ಟೆ. ಗೌಡರದು ಅವರ ಹೆಂಡತಿ ಗೌಡಸಾನಿ ಮನೆಯಿಂದಲೇ ಕಳಿಸಿಕೊಟ್ಟ ಹಿತ್ತಾಳೆ ಕೊಡ, ಕುರಿಗಾರನದು ಮಣ್ಣಿನದು. ಒಬ್ಬೊಬ್ಬರ ಕೈಗೆ ಒಂದು ಹುಣಸೆ ಬೀಜ ಕೊಟ್ಟು, "ಯಾರು ಬೇಕೋ ಅವರ ಕೊಡಕ್ಕ ಹಾಕ್ರಿ" ಅಂದೆ. ಹೆಂಗಸರು ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬರುತ್ತಿದ್ದರು. ಹೊಲಕ್ಕೆ ಒಯ್ಯುವ ಬುತ್ತಿ ಇರಬೇಕು ಅಂದುಕೊಂಡೆ.

ಸಂಜೆ ಊರೆಲ್ಲ ಕೂಡಿತು. ಹಿತ್ತಾಳೆ ಕೊಡ ಎತ್ತಲು ಇಬ್ಬರು ಬೇಕಾದರು. ಗೌಡರು ಮೀಸೆ ತಿರುವಿದರು. ಬೋರಲು ಹಾಕಿದರೆ ಜೋಳ, ಶೇಂಗಾ, ಉಳ್ಳಾಗಡ್ಡಿ, ಬೆಲ್ಲದ ಹೆಂಟೆ. ಹುಣಸೆ ಬೀಜ ನಾಲ್ಕಾರು. ಮಿಕ್ಕ ಬೀಜವೆಲ್ಲ ಮಣ್ಣಿನ ಕೊಡದಲ್ಲಿತ್ತು.

"ಇದೇನ್ರಿದು?" ಅಂದೆ.

ಕೆಳಗಿನ ಓಣಿಯ ಒಬ್ಬ ಅಜ್ಜಿ ಹೇಳಿದಳು: "ಓಟು ಬ್ಯಾರೆ ಮಾತ್ರಿ, ಮಾಸ್ತರ. ಗೌಡಸಾನಿಯವರ ಕೊಡ ನಮ್ಮ ಕಡಿಂದ ಬರಿದು ಹೋಗಬಾರದಲ್ರಿ."

ನನಗೆ ನಗುವಿನ ಜೊತೆಗೆ ಕಣ್ಣೂ ತುಂಬಿತು. ಇಂಥವರ ಕೈಗೆ ಓಟು ಬಂದಿದೆ, ಇನ್ನು ದೇಶಕ್ಕೆ ಒಳ್ಳೆಯದೇ ಆಗುತ್ತದೆ ಅನ್ನಿಸಿತು. ಬಾವಿ ಕೆಳಗಿನ ಓಣಿಯಲ್ಲೇ ತೋಡುವುದೆಂದು ಅಲ್ಲಿಯೇ ತೀರ್ಮಾನವಾಯಿತು.

ಎಲ್ಲವನ್ನೂ ಮತ್ತೆ ತುಂಬಿ, ಕೊಡ ಹೊರಿಸಿಕೊಂಡು ಗೌಡರ ಜೊತೆ ನಾನೂ ವಾಡೆಗೆ ಹೋದೆ. ಗೌಡರು ಕಟ್ಟೆಯ ಮೇಲೆ ಕೂತರು. ಗೌಡಸಾನಿ ಕೊಡದಲ್ಲಿದ್ದುದನ್ನೆಲ್ಲ ಮೊರಕ್ಕೆ ಸುರುವಿಕೊಂಡು, ಬೆಲ್ಲದ ಹೆಂಟೆ ಮೂಸಿ ನೋಡಿ, ಗಂಡನ ಕಡೆ ತಿರುಗಿ ಹೇಳಿದರು:

"ಮುಂದಿನ ಸಲಾನೂ ನಿಂದರ್ರಿ."